ಗೇಟ್ ಮೋಟರನ್ನ ಹೋಮ್ ಅಸಿಸ್ಟೆಂಟ್‌ಗೆ ಸೇರಿಸಿದ್ದು: ನನ್ನ ಅನುಭವ

"ಬೋರ್ಡ್‌ಗೆ ಮಾತ್ರ ಕೈ ಹಾಕ್ಬೇಡಿ ಸಾರ್, ಸುಟ್ಟೋದ್ರೆ ಹನ್ನೊಂದು ಸಾವಿರ" ಅಂತ ಗೇಟ್ ಮೋಟರ್ ಫಿಟ್ ಮಾಡಿದ ಟೆಕ್ನಿಷಿಯನ್ ನನಗೆ ಕಮ್ಮಿ ಅಂದ್ರೂ ಮೂರು ಸಲ ಹೇಳಿದ್ರು. ಆಫೀಸಲ್ಲಿ ಪಕ್ಕದ ಸೀಟಿನ ಗೆಳೆಯ, ಅವನೂ ಮನೆಗೆಲ್ಲ ಆಟೋಮೇಷನ್ ಮಾಡ್ಕೊಂಡಿರೋನೇ, "ಲೈಟು ಫ್ಯಾನು ಸರಿ ಕಣೋ, ಗೇಟ್ ಬೇಡ, ರಾತ್ರಿ ತೆರ್ಕೊಂಡ್ರೆ ಏನ್ ಮಾಡ್ತೀಯ" ಅಂದ. ನಮ್ಮ ಮಾವನವರಂತೂ "ಅಲ್ಲಪ್ಪಾ, ರಿಮೋಟ್ ಇದೆಯಲ್ಲ, ಒತ್ತಿದ್ರೆ ತೆಗೆಯುತ್ತೆ, ಇನ್ನೇನ್ ಬೇಕು" ಅಂತ ಕೇಳಿದ್ರು. ಮೊದಲಿನ ಎಡವಟ್ಟುಗಳನ್ನೆಲ್ಲ ಸರಿಮಾಡಿ ಈಗ ಹದಿನಾಲ್ಕು ತಿಂಗಳಾಯ್ತು, ಒಂದು ಮಳೆಗಾಲ ಪೂರ್ತಿ ಕಳೀತು, ಗೇಟ್ ಒಂದೇ ಒಂದು ಸಲ ತಾನಾಗಿ ತೆರ್ಕೊಂಡಿಲ್ಲ, ಮೋಟರ್ ನಡೆಸೋ ಬೋರ್ಡೂ ಸುಟ್ಟಿಲ್ಲ. ಅದಕ್ಕೇ ಬರೀತಿದೀನಿ. ಹೋಮ್ ಅಸಿಸ್ಟೆಂಟ್ ಅಂದ್ರೆ ಲೈಟು, ಫ್ಯಾನು, ಗೇಟು ಎಲ್ಲವನ್ನೂ ಒಂದೇ ಕಡೆಯಿಂದ ನಡೆಸೋಕೆ ಮನೆಯ ಕಂಪ್ಯೂಟರಲ್ಲೇ ಹಾಕ್ಕೊಳ್ಳೋ ಸಾಫ್ಟ್‌ವೇರ್. ಅದಕ್ಕೂ ಮುಂಚಿನ ಎಂಟು ತಿಂಗಳು ಏನೇನಾಯ್ತು ಅನ್ನೋದೇ ಜಾಸ್ತಿ ಇರುತ್ತೆ ಇದರಲ್ಲಿ, ಯಾಕಂದ್ರೆ ಇದನ್ನ ಮಾಡೋಕೆ ಹೊರಡೋ ಎಲ್ಲರೂ ಇದೇ ಗುಂಡಿಗಳಲ್ಲೇ ಬೀಳೋದು.

ನಮ್ಮದು ನಾಗರಭಾವಿ ಕಡೆ 30x40 ಸೈಟು, ಉತ್ತರ ದಿಕ್ಕು, ಕೆಳಗೆ ಸ್ಟಿಲ್ಟ್ ಪಾರ್ಕಿಂಗ್, ಮುಂದೆ ಹನ್ನೆರಡು ಅಡಿ ಸ್ಲೈಡಿಂಗ್ ಗೇಟು. ತೂಕ ಇನ್ನೂರು ಕೆಜಿ ಹತ್ರ ಇರಬಹುದು. ಮೋಟರ್ 600 ಕೆಜಿವರೆಗಿನ ಗೇಟ್ ಎಳೆಯೋದು, 230 ವೋಲ್ಟ್, 370 ವ್ಯಾಟ್ ಅಂತ ಪ್ಲೇಟ್ ಮೇಲೆ ಬರೆದಿದೆ, ಫಿಟ್ಟಿಂಗೂ ರ‍್ಯಾಕೂ ಸೇರಿ ಇಪ್ಪತ್ತಾರು ಸಾವಿರ ಚಿಲ್ಲರೆ ಆಗಿತ್ತು. ಆ ಕಡೆಯಿಂದ ಈ ಕಡೆಗೆ ಹೋಗೋಕೆ ಹದಿನೆಂಟು ಇಪ್ಪತ್ತು ಸೆಕೆಂಡ್. ಕಂಪನಿಯವರದ್ದೇ ವೈಫೈ ಮಾಡ್ಯೂಲ್ ಒಂದಿತ್ತು, ಎಂಟೂವರೆ ಸಾವಿರ ಅಂದ್ರು, ಅದು ಅವರ ಆಪ್‌ನಲ್ಲಿ ಮಾತ್ರ ನಡೆಯುತ್ತೆ, ಇಂಟರ್ನೆಟ್ ಇಲ್ಲದಿದ್ರೆ ಇಲ್ಲ. ಅದನ್ನ ಕೇಳಿದ ತಕ್ಷಣ ಬೇಡ ಅಂದೆ.

ಯಾಕೆ ಬೇಡ ಅಂದೆ ಅನ್ನೋಕೆ ಕಾರಣ ಇದೆ. ನನ್ನ ತಮ್ಮ ಇರೋದು ನ್ಯೂಜೆರ್ಸಿಯಲ್ಲಿ. ಅಲ್ಲಿ ಬಹಳಷ್ಟು ಮನೆಗಳಿಗೆ ಗ್ಯಾರೇಜ್ ಡೋರ್ ಓಪನರ್ ಇರುತ್ತೆ. ಅವನ ಓಪನರ್ ಕಂಪನಿಯವರ ಕ್ಲೌಡ್ ಮೂಲಕ ಹೋಮ್ ಅಸಿಸ್ಟೆಂಟ್‌ಗೆ ಸೇರಿತ್ತು, ಚೆನ್ನಾಗೇ ನಡೀತಿತ್ತು. 2023ರ ಕೊನೆಗೆ ಆ ಕಂಪನಿ ಹೊರಗಿನ ಸಾಫ್ಟ್‌ವೇರ್‌ಗಳಿಗೆಲ್ಲ ದಾರಿ ಮುಚ್ಚಿಬಿಡ್ತು, ಹೋಮ್ ಅಸಿಸ್ಟೆಂಟ್‌ನೋರು ಆ ವರ್ಷದ ಡಿಸೆಂಬರ್ ವರ್ಷನ್‌ನಲ್ಲಿ ಆ ಇಂಟಿಗ್ರೇಷನನ್ನೇ ತೆಗೆದುಹಾಕಿದ್ರು. ಅವನ ಬಾಗಿಲು, ಅವನ ದುಡ್ಡು, ಅವನ ಮನೆ, ಆದರೆ ಹೇಗೆ ತೆರೀಬೇಕು ಅನ್ನೋದು ಬೇರೆಯವರ ಕೈಯಲ್ಲಿ. ಆ ದಿನವೇ ನಾನು ತೀರ್ಮಾನ ಮಾಡಿದ್ದು, ನಮ್ಮ ಗೇಟಿನ ವಿಷಯ ನಮ್ಮ ಕಾಂಪೌಂಡ್ ದಾಟಿ ಹೋಗಬಾರದು ಅಂತ.

ಮೊದಲು ಮಾಡಿದ್ದು ಸುಲಭದ ದಾರಿ. ಎಸಿ, ಟಿವಿಗೆ ಅಂತ ತಗೊಂಡಿದ್ದ ಆರ್‌ಎಫ್ ಬ್ಲಾಸ್ಟರ್ ಇತ್ತು, ರಿಮೋಟ್‌ಗಳ ಸಿಗ್ನಲ್ ಕಲಿತು ತಾನೇ ಕಳಿಸೋ ಡಬ್ಬಿ, ಮೂರೂವರೆ ಸಾವಿರ ಕೊಟ್ಟಿದ್ದೆ, 433 ಮೆಗಾಹರ್ಟ್ಸ್ ಕಲಿಯುತ್ತೆ ಅಂತ ಡಬ್ಬದ ಮೇಲೆ ಬರೆದಿತ್ತು. ರಿಮೋಟ್ ಹಿಡಿದೆ, ಕಲೀತು, ಪುನಃ ಕಳಿಸಿದ್ರೆ ಗೇಟು ಅಲ್ಲಾಡಲಿಲ್ಲ. ಮತ್ತೆ ಕಲಿಸಿದೆ, ಮತ್ತೆ ಇಲ್ಲ. ಎರಡು ಭಾನುವಾರ ಹಾಳು. ರಿಮೋಟ್ ಬಿಚ್ಚಿ ಚಿಪ್ ನೋಡಿದಾಗಲೇ ಗೊತ್ತಾಗಿದ್ದು, ಹೆಚ್‌ಸಿಎಸ್ 301, ರೋಲಿಂಗ್ ಕೋಡು. ಪ್ರತಿ ಒತ್ತಿಗೂ ಕೋಡ್ ಬದಲಾಗುತ್ತೆ, ಹಳೇ ಕೋಡನ್ನ ಬೋರ್ಡ್ ತಗೊಳ್ಳಲ್ಲ. ರಿಮೋಟ್ ಬಿಚ್ಚೋಕೆ ಒಂದು ಸ್ಕ್ರೂ, ಎರಡು ನಿಮಿಷ. ಅದನ್ನ ಮೊದಲೇ ಮಾಡಿದ್ರೆ ಎರಡು ಭಾನುವಾರ ಉಳೀತಿತ್ತು. ನೀವು ಮೊದಲು ಅದನ್ನ ಬಿಚ್ಚಿ ನೋಡಿ.

ಎರಡನೇದು ರಿಮೋಟಿಗೇ ಆಪರೇಷನ್. ಸ್ಪೇರ್ ರಿಮೋಟ್ ಒಂದರ ಬಟನ್ ಮೇಲೆ ಎರಡು ಸಣ್ಣ ವೈರ್ ಬೆಸುಗೆ ಹಾಕಿ, ಮಧ್ಯೆ ಪಿಸಿ817 ಆಪ್ಟೋಕಪ್ಲರ್, ಅಂದ್ರೆ ಎರಡು ಕಡೆಯ ವೈರ್ ಸೇರಿಸದೇ ಬೆಳಕಿಂದ ಸ್ವಿಚ್ ಮಾಡೋ ಚಿಪ್ಪು, ಇಟ್ಟು, ಡಿ1 ಮಿನಿ ಅನ್ನೋ ವೈಫೈ ಇರೋ ಇಎಸ್ಪಿ 8266 ಚಿಪ್ಪಿನ ಸಣ್ಣ ಬೋರ್ಡಿಂದ ಒತ್ತಿಸೋದು. ಇದು ನಡೀತು, ಸುಳ್ಳು ಹೇಳಲ್ಲ, ಎರಡು ತಿಂಗಳು ನಡೀತು. ಆಮೇಲೆ ಆ 12 ವೋಲ್ಟಿನ ಸಣ್ಣ ಬ್ಯಾಟರಿ ಇಳಿದಂಗೆ ಹತ್ತಕ್ಕೆ ಎರಡು ಸಲ ಗೇಟಿಗೆ ಕೇಳಿಸ್ತಿರಲಿಲ್ಲ, ಹೋಮ್ ಅಸಿಸ್ಟೆಂಟ್ ಮಾತ್ರ ಗೇಟ್ ತೆರೆದಿದೆ ಅಂತ ತೋರಿಸ್ತಿತ್ತು. ಅಲ್ಲೇ ಇರೋದು ವಿಷಯ. ಕಮಾಂಡ್ ಹೋಯ್ತು ಅನ್ನೋದು ಬೇರೆ, ಗೇಟು ನಿಜವಾಗಿ ಎಲ್ಲಿದೆ ಅನ್ನೋದು ಬೇರೆ. ಒಂದು ದಿನ ನಾವೆಲ್ಲ ಶಿವಗಂಗೆಗೆ ಹೋಗಿದ್ವಿ, ಫೋನಲ್ಲಿ ಮುಚ್ಚಿದೆ ಅಂತ ಇದೆ, ಎದುರುಮನೆ ಆಂಟಿ ಫೋನ್ ಮಾಡಿ "ನಿಮ್ಮ ಗೇಟ್ ಪೂರ್ತಿ ತೆಗೆದಿದೆ ಕಣಪ್ಪಾ, ಬೆಳಗ್ಗಿಂದ ಹಂಗೇ ಇದೆ" ಅಂದ್ರು. ಅವತ್ತು ವಾಪಸ್ ಬರೋವಾಗ ನನ್ನ ಹೆಂಡತಿ ಮಾತೇ ಆಡಲಿಲ್ಲ.

ಅದಾದ್ಮೇಲೆ ರೇಡಿಯೋ ಸಹವಾಸ ಬಿಟ್ಟೆ, ನೇರ ಬೋರ್ಡ್‌ಗೇ ಹೋದೆ. ಹೆಚ್ಚುಕಮ್ಮಿ ಎಲ್ಲಾ ಸ್ಲೈಡಿಂಗ್ ಗೇಟ್ ಬೋರ್ಡಲ್ಲೂ ಗೋಡೆ ಸ್ವಿಚ್‌ಗೆ ಅಂತ ಎರಡು ಟರ್ಮಿನಲ್ ಇರುತ್ತೆ, ಕೆಲವದರಲ್ಲಿ ಓಪನ್, ಕ್ಲೋಸ್, ಸ್ಟಾಪ್ ಬೇರೆಬೇರೆ, ನಮ್ಮದರಲ್ಲಿ ಒಂದೇ, ಒತ್ತಿದ್ರೆ ತೆರಿ, ಮತ್ತೆ ಒತ್ತಿದ್ರೆ ನಿಲ್ಲು, ಮತ್ತೆ ಒತ್ತಿದ್ರೆ ಮುಚ್ಚು. ಮಲ್ಟಿಮೀಟರ್ ಇಟ್ಟು ನೋಡಿದೆ, ಸಣ್ಣ ಡಿಸಿ ವೋಲ್ಟೇಜ್ ಅಷ್ಟೇ. ಒಂದು ವೈರ್ ತುಂಡು ತಗೊಂಡು ಎರಡಕ್ಕೂ ಅರ್ಧ ಸೆಕೆಂಡ್ ಮುಟ್ಟಿಸಿದೆ, ಗೇಟ್ ಹೊರಟಿತು. ಟೆಕ್ನಿಷಿಯನ್ ಹೆದರಿಸಿದ ಹನ್ನೊಂದು ಸಾವಿರದ ಭಯ ಅಲ್ಲೇ ಮುಗೀತು. ಇಲ್ಲಿಗೆ ಡ್ರೈ ಕಾಂಟ್ಯಾಕ್ಟ್ ರಿಲೇ, ಅಂದ್ರೆ ತನ್ನ ಕಡೆಯಿಂದ ವೋಲ್ಟೇಜ್ ಕೊಡದೇ ಬರೀ ಸ್ವಿಚ್ ಥರ ಎರಡು ವೈರ್ ಸೇರಿಸೋ ರಿಲೇ, ಮಾತ್ರ ಸೇರಿಸಿ, ಬೋರ್ಡ್‌ನ ವೋಲ್ಟೇಜೂ ನಿಮ್ಮ ವೋಲ್ಟೇಜೂ ಎಲ್ಲೂ ಸೇರದಂಗೆ ನೋಡ್ಕೊಂಡ್ರೆ ಬೋರ್ಡ್‌ಗೆ ಏನೂ ಆಗಲ್ಲ. ಹಳೇ ರಿಮೋಟೂ ಎಂದಿನಂಗೇ ನಡೆಯುತ್ತೆ, ಮಾವನವರು ಇವತ್ತಿಗೂ ಅದನ್ನೇ ಬಳಸೋದು. ಹಂಗಂತ ಬೋರ್ಡಲ್ಲಿ ಇನ್ನೊಂದು ಕಡೆ 230 ಇರುತ್ತೆ ಅನ್ನೋದು ಮರೀಬೇಡಿ, ಮೇನ್ ಎಂಸಿಬಿ ಇಳಿಸಿ, ಆ ದಪ್ಪ ಕೆಪಾಸಿಟರ್ ಖಾಲಿ ಆಗೋವರೆಗೂ ಕಾದು ಕೈ ಹಾಕಿ.

ಈಗ ಡಿ1 ಮಿನಿಗೆ ಪವರ್ ಎಲ್ಲಿಂದ? ಬೋರ್ಡಲ್ಲೇ ಆಕ್ಸೆಸರಿಗೆ ಅಂತ 24 ವೋಲ್ಟ್ ಇತ್ತು, ಅದು ಎಸಿ. ಬ್ರಿಡ್ಜ್ ರೆಕ್ಟಿಫೈಯರ್ ಹಾಕಿ ಡಿಸಿ ಮಾಡಿ, ವೋಲ್ಟೇಜ್ ಇಳಿಸೋ ಎಲ್‌ಎಂ2596 ಬಕ್ ಮಾಡ್ಯೂಲಿಂದ 5 ವೋಲ್ಟ್ ಮಾಡ್ಕೊಂಡೆ. ಲೆಕ್ಕದಲ್ಲಿ 34 ವೋಲ್ಟ್ ಹತ್ರ ಬರಬೇಕು, ಲೋಡ್ ಕಮ್ಮಿ ಇದ್ದಿದ್ದಕ್ಕೆ ಮೀಟರಲ್ಲಿ 38 ದಾಟಿತ್ತು, ಆ ಚಿಪ್ಪಿನ ಗರಿಷ್ಠ 40. ನಡೆಯುತ್ತೆ ಬಿಡು ಅಂದ್ಕೊಂಡೆ. ನಾನು ಹಾಕಿದ್ದ ಫಿಲ್ಟರ್ ಕೆಪಾಸಿಟರ್ 35 ವೋಲ್ಟಿಂದು ಅನ್ನೋದು ಗಮನಿಸಿರಲೇ ಇಲ್ಲ. ಮೂರನೇ ದಿನ ಮಧ್ಯಾಹ್ನ ಪಟ್ ಅಂತು, ಜೊತೆಗೆ ಬಕ್ ಮಾಡ್ಯೂಲ್ ಹೋಯ್ತು, ಡಿ1 ಮಿನಿಯನ್ನೂ ಕರ್ಕೊಂಡು ಹೋಯ್ತು. ಏಳ್ನೂರು ರೂಪಾಯಿ ಹತ್ರ ನಷ್ಟ, ಗೇಟ್ ಬೋರ್ಡ್ ಮಾತ್ರ ಉಳೀತು, ಮಧ್ಯೆ ಫ್ಯೂಸ್ ಹಾಕಿದ್ದೆ. ಆ ಐದು ರೂಪಾಯಿ ಫ್ಯೂಸ್ ಇಲ್ಲದಿದ್ರೆ ಟೆಕ್ನಿಷಿಯನ್ ಮಾತು ನಿಜ ಆಗ್ತಿತ್ತು. ಆಮೇಲೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೋಗಿ ಹೈಲಿಂಕ್ ಪಿಎಂ01 ತಂದೆ, ಸಣ್ಣ ಕಪ್ಪು ಡಬ್ಬಿ, 230 ಒಳಗೆ 5 ವೋಲ್ಟ್ ಹೊರಗೆ, ಇನ್ನೂರೈವತ್ತೋ ಏನೋ ಕೊಟ್ಟೆ. ಅದಕ್ಕೆ ಬೇರೆ ಫ್ಯೂಸು, ವೋಲ್ಟೇಜ್ ಏರಿದ್ರೆ ತಡೆಯೋ ಎಂಒವಿ, ಎಲ್ಲವನ್ನೂ ಮೋಟರ್ ಕವರಿಂದ ಹೊರಗೆ ಪಿಲ್ಲರ್ ಮೇಲೆ ಒಂದು ಐಪಿ65, ಅಂದ್ರೆ ಧೂಳು ನೀರು ತಡೆಯೋ, ಪ್ಲಾಸ್ಟಿಕ್ ಬಾಕ್ಸಲ್ಲಿ ಇಟ್ಟೆ. ಮೋಟರ್ ಕವರ್ ಒಳಗೆ ಇಡ್ಬೇಡಿ, ಏಪ್ರಿಲ್ ಬಿಸಿಲಲ್ಲಿ ಅದು ಕುದಿಯುತ್ತೆ.

ಇನ್ನು ದೆವ್ವದ ಕಥೆ. ರಾತ್ರಿ ಎರಡೂ ನಲವತ್ತು, ಕರೆಂಟ್ ಹೋಗಿ ಬಂತು. ಬಂದ ತಕ್ಷಣ ಗರ್ರ್ ಅಂತ ಶಬ್ದ, ಗೇಟ್ ತಾನಾಗೇ ತೆರ್ಕೊಳ್ತಿದೆ. ನಾನು ಲುಂಗಿಯಲ್ಲೇ ಓಡಿದೆ. ಗೆಳೆಯ ಹೇಳಿದ್ದು ಅಕ್ಷರಶಃ ಆಯ್ತು. ಕಾರಣ ಹುಡುಕೋಕೆ ಹೆಚ್ಚು ಹೊತ್ತು ಹಿಡೀಲಿಲ್ಲ, ರಿಲೇ ಮಾಡ್ಯೂಲ್ ಲೋ ಟ್ರಿಗರ್‌ದು, ಪಿನ್ ವೋಲ್ಟೇಜ್ ಸೊನ್ನೆಗೆ ಇಳಿದ್ರೆ ಆನ್ ಆಗೋದು, ನಾನು ಅದನ್ನ ಡಿ4 ಪಿನ್‌ಗೆ ಕೊಟ್ಟಿದ್ದೆ. 8266 ಬೂಟ್ ಆಗೋವಾಗ ಆ ಪಿನ್ ಮೇಲೆ ಕೆಳಗೆ ಆಡುತ್ತೆ, ರಿಲೇ ಟಿಕ್ ಅನ್ನುತ್ತೆ, ಗೇಟ್ ಬೋರ್ಡ್‌ಗೆ ಅದೇ ಬಟನ್ ಒತ್ತಿದಂಗೆ. ಟೇಬಲ್ ಮೇಲೆ ಟೆಸ್ಟ್ ಮಾಡೋವಾಗ ಈ ಟಿಕ್ ಕೇಳಿಸಿತ್ತು, ಗಮನ ಕೊಟ್ಟಿರಲಿಲ್ಲ. ಡಿ3, ಡಿ4, ಡಿ0 ಮೂರನ್ನೂ ಗೇಟಿಗೆ ಬಳಸಲೇಬೇಡಿ. ಡಿ1 ಅಥವಾ ಡಿ2, ಹೈ ಟ್ರಿಗರ್ ರಿಲೇ, ಪಿನ್ನಿಂದ ಗ್ರೌಂಡ್‌ಗೆ ಒಂದು 10ಕೆ ರೆಸಿಸ್ಟರ್, ಈ ಚಿಪ್ಪಿಗೆ ಪ್ರೋಗ್ರಾಂ ಮಾಡೋ ಇಎಸ್ಪಿಹೋಮ್‌ನಲ್ಲಿ ರಿಸ್ಟೋರ್ ಮೋಡ್ ಆಲ್ವೇಸ್ ಆಫ್, ಅಂದ್ರೆ ಬೂಟ್ ಆದಾಗಲೆಲ್ಲ ರಿಲೇ ಆಫ್. ಇದರ ಮೇಲೆ ಬೂಟ್ ಆದ ಮೊದಲ ಮೂವತ್ತು ಸೆಕೆಂಡ್ ಯಾವ ಕಮಾಂಡನ್ನೂ ತಗೋಬೇಡ ಅಂತ ನಾನು ಹಾಕಿದೀನಿ. ಎಂಸಿಬಿಯನ್ನ ಇಪ್ಪತ್ತೈದು ಸಲ ಇಳಿಸಿ ಏರಿಸಿ ನೋಡಿದೆ, ಒಂದು ಸಲವೂ ಟಿಕ್ ಅನ್ನಲಿಲ್ಲ.

ಅಲ್ಲಿಗೆ ಮುಗೀತು ಅಂದ್ಕೊಂಡು ಗೆಳೆಯನಿಗೂ ಹೇಳಿದೆ. ಹನ್ನೆರಡು ದಿನಕ್ಕೆ ಮತ್ತೆ ತೆರ್ಕೊಳ್ತು, ಈ ಸಲ ಹಗಲಲ್ಲಿ, ಕರೆಂಟೂ ಹೋಗಿರಲಿಲ್ಲ, ನಾನು ರೌಟರ್ ರೀಸ್ಟಾರ್ಟ್ ಮಾಡಿದ್ದೆ ಅಷ್ಟೇ. ಈ ಸಲ ಎರಡು ದಿನ ತಲೆ ಕೆಟ್ಟಿತ್ತು. ಆಗ ನಾನು ಇಎಸ್ಪಿಹೋಮ್‌ನಿಂದ ಹೋಮ್ ಅಸಿಸ್ಟೆಂಟ್ ಜೊತೆ ಮಧ್ಯವರ್ತಿ ಇಲ್ದೇ ಮಾತಾಡೋ ನೇರ ಎಪಿಐ ಬಿಟ್ಟು ಹಳೇ ಅಭ್ಯಾಸಕ್ಕೆ ಎಂಕ್ಯೂಟಿಟಿ ಬಳಸ್ತಿದ್ದೆ, ಅದರಲ್ಲಿ ಸಂದೇಶಗಳೆಲ್ಲ ಬ್ರೋಕರ್ ಅನ್ನೋ ಮಧ್ಯವರ್ತಿ ಮೂಲಕ ಹೋಗುತ್ತೆ. ಯಾವುದೋ ಟೆಸ್ಟಲ್ಲಿ ಕಮಾಂಡ್ ಟಾಪಿಕ್‌ಗೆ ರಿಟೇನ್, ಅಂದ್ರೆ ಈ ಸಂದೇಶ ಉಳಿಸ್ಕೋ ಅಂತ, ಹಾಕಿ ಒಂದು ಆನ್ ಕಳಿಸಿದ್ದೆ. ಬ್ರೋಕರ್ ಅದನ್ನ ಹಂಗೇ ಜೋಪಾನವಾಗಿ ಇಟ್ಕೊಂಡಿತ್ತು, ವೈಫೈ ಹೋಗಿ ಬಂದಾಗಲೆಲ್ಲ ಡಿ1 ಮಿನಿಗೆ ಪುನಃ ಕೊಡ್ತಿತ್ತು. ಮೊದಲು ಇದು ಕಾಣಿಸದೇ ಇದ್ದಿದ್ದು ಯಾಕೆ ಅಂದ್ರೆ ಆ ಟೆಸ್ಟ್ ಮಾಡಿದ್ದೇ ದೆವ್ವ ಓಡಿಸಿದ ಮೇಲೆ. ಬ್ರೋಕರಲ್ಲಿ ಅದನ್ನ ಅಳಿಸಿ, ಗೇಟನ್ನ ಪೂರ್ತಿ ನೇರ ಎಪಿಐಗೆ ತಂದೆ. ಸ್ಟೇಟಸ್‌ಗೆ ರಿಟೇನ್ ಇರಲಿ, ಕಮಾಂಡ್‌ಗೆ ಯಾವತ್ತೂ ಬೇಡ. ಇದು ಗೊತ್ತಿರೋರಿಗೆ ಗೊತ್ತಿರುತ್ತೆ, ಆದ್ರೂ ಗೇಟಿನ ವಿಷಯದಲ್ಲಿ ಇನ್ನೊಂದು ಸಲ ಹೋಗಿ ನೋಡ್ಕೊಳಿ.

ಸೆನ್ಸರ್ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಫೋನಲ್ಲಿ ಗೇಟ್ ತೆರೆಯೋದು ಯಾರು ಬೇಕಾದ್ರೂ ಮಾಡ್ತಾರೆ, ಗೇಟ್ ಮುಚ್ಚಿದೆ ಅಂತ ರಾತ್ರಿ ಹಾಸಿಗೆಯಿಂದ ಏಳದೇ ನಂಬೋಕಾಗ್ಬೇಕು, ಅದಕ್ಕೆ ಬೆಲೆ. ಮೊದಲು ಬುದ್ಧಿವಂತಿಕೆ ಮಾಡೋಕೆ ಹೋಗಿ ಗೇಟ್ ತುದಿ ಮುಟ್ಟಿತು ಅಂತ ಬೋರ್ಡ್‌ಗೆ ಹೇಳೋ ಮೋಟರಿನದೇ ಲಿಮಿಟ್ ಸ್ವಿಚ್ ಸಿಗ್ನಲ್‌ಗೆ ಆಪ್ಟೋಕಪ್ಲರ್ ಕಟ್ಟಿದೆ. ಆಪ್ಟೋ ಒಳಗಿನ ಎಲ್‌ಇಡಿ ಆ ಸಿಗ್ನಲನ್ನ ಎಳೆದು ಇಳಿಸಿಬಿಡ್ತು, ಬೋರ್ಡ್ ಎರಡೂ ಕಡೆ ಲಿಮಿಟ್ ಮುಟ್ಟಿದೆ ಅಂದ್ಕೊಂಡು ಗೇಟನ್ನ ಜಗ್ಗಿಸಲೇ ಇಲ್ಲ. ತಕ್ಷಣ ಬಿಚ್ಚಿದೆ. ಬೋರ್ಡಿನ ಸ್ವಂತ ಸಿಗ್ನಲ್‌ಗಳನ್ನ ಬೋರ್ಡ್‌ಗೇ ಬಿಟ್ಟುಬಿಡಿ, ನಿಮ್ಮ ಸೆನ್ಸರ್ ನೀವು ಬೇರೆ ಹಾಕಿ.

ಬಾಗಿಲಿಗೆ ಹಾಕೋ ಬಿಳಿ ಪ್ಲಾಸ್ಟಿಕ್ ಮ್ಯಾಗ್ನೆಟ್ ಸೆನ್ಸರ್ ಅರವತ್ತು ರೂಪಾಯಿಗೆ ಸಿಗುತ್ತೆ, ಕಬ್ಬಿಣದ ಗೇಟಿಗೆ ಅದು ಆಗಲ್ಲ. ಕಬ್ಬಿಣದ ಮೇಲೆ ಅಂಟಿಸಿದ್ರೆ ಮ್ಯಾಗ್ನೆಟ್ ಶಕ್ತಿ ಅರ್ಧ ಅಲ್ಲೇ ಹೀರ್ಕೊಳುತ್ತೆ, ಮೇಲೆ ಗೇಟು ನಿಂತಾಗ ಅರ್ಧ ಇಂಚು ಆಕಡೆ ಈಕಡೆ ಆಗೇ ಆಗುತ್ತೆ. ರೋಲಿಂಗ್ ಷಟರ್‌ಗೆ ಅಂತ ಅಲ್ಯೂಮಿನಿಯಂ ಮೈಯ ದೊಡ್ಡ ಸೆನ್ಸರ್ ಬರುತ್ತೆ, ವೈರ್ ಮೇಲೆ ಸ್ಟೀಲ್ ಸುರುಳಿ ಇರುತ್ತೆ, ಅಂಗಡಿಯವರ ಅಲಾರಂಗೆ ಹಾಕೋದು. ಮುನ್ನೂರೈವತ್ತರಂತೆ ಎರಡು ತಂದೆ. ಒಂದು ಪೂರ್ತಿ ಮುಚ್ಚಿದ ಕಡೆ, ಒಂದು ಪೂರ್ತಿ ತೆರೆದ ಕಡೆ. ಮ್ಯಾಗ್ನೆಟ್ ಕೆಳಗೆ ಅರ್ಧ ಇಂಚಿನ ಪ್ಲಾಸ್ಟಿಕ್ ಪ್ಯಾಕಿಂಗ್ ಕೊಟ್ಟೆ. ಎರಡು ಇಂಚು ದೂರದಿಂದಲೂ ಹಿಡಿಯುತ್ತೆ.

ಹಾಕಿ ಒಂದು ವಾರ ಖುಷಿ, ಆಮೇಲೆ ಮೋಟರ್ ಆನ್ ಆದಾಗಲೆಲ್ಲ ಸೆನ್ಸರ್ ಮುಚ್ಚಿದೆ, ತೆರೆದಿದೆ, ಮುಚ್ಚಿದೆ ಅಂತ ಕುಣಿಯೋಕೆ ಶುರು. ಸೆನ್ಸರ್ ವೈರನ್ನ ಮೋಟರಿನ 230 ವೈರ್ ಹೋಗೋ ಪೈಪಲ್ಲೇ ಎಳೆದಿದ್ದೆ, ಹತ್ತು ಮೀಟರ್ ಇರಬಹುದು, ಸಿಗ್ನಲ್ ಅಲ್ಲಾಡದಂಗೆ ಹಿಡಿಯೋ ಪುಲ್ಅಪ್ ರೆಸಿಸ್ಟರ್ ಚಿಪ್ಪಿನ ಒಳಗೇ ಇದೆ, ಆದ್ರೆ ತುಂಬಾ ದುರ್ಬಲ. ಬೇರೆ ಪೈಪ್ ಹಾಕಿ ಕ್ಯಾಟ್6 ವೈರ್ ಎಳೆದು, ಹೊರಗಿಂದ 2.2ಕೆ ಪುಲ್ಅಪ್, ಪಿನ್ ಹತ್ರ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಸಾಫ್ಟ್‌ವೇರಲ್ಲಿ ಮುನ್ನೂರು ಮಿಲಿಸೆಕೆಂಡ್ ತಡ. ಕುಣಿತ ನಿಂತಿತು. ಪೈಪ್ ಹಾಕೋಕೆ ಟೈಲ್ಸ್ ಪಕ್ಕ ಕೊರೆದಿದ್ದಕ್ಕೆ ಮೇಸ್ತ್ರಿ ಸಾವಿರದ ಇನ್ನೂರು ತಗೊಂಡ್ರು.

ಈಗ ಲಾಜಿಕ್ ಹೀಗಿದೆ: ಮುಚ್ಚಿದ ಕಡೆಯ ಸೆನ್ಸರ್ ಹೇಳಿದ್ರೆ ಮಾತ್ರ ಮುಚ್ಚಿದೆ, ಬೇರೆ ಯಾವ ಊಹೆಯೂ ಇಲ್ಲ. ಎರಡೂ ಸೆನ್ಸರ್ ಮೂವತ್ತು ಸೆಕೆಂಡ್ ಸುಮ್ಮನಿದ್ರೆ ಗೇಟ್ ನಡುವೆ ನಿಂತಿದೆ ಅಂತ ಎಲ್ಲರ ಫೋನಿಗೂ ಹೋಗುತ್ತೆ. ಒಂದೇ ಬಟನ್ ಇರೋ ಬೋರ್ಡಲ್ಲಿ ಗೇಟ್ ಮಧ್ಯದಲ್ಲಿ ನಿಂತಾಗ ಮುಂದಿನ ಒತ್ತಿಗೆ ಯಾವ ಕಡೆ ಹೋಗುತ್ತೆ ಅಂತ ಗೊತ್ತಾಗಲ್ಲ, ಅದಕ್ಕೆ ನಾನೊಂದು ಉಪಾಯ ಮಾಡಿದೀನಿ, ಮೂರು ವಾರ ಕೂತು ಕಂಡ್ಕೊಂಡಿದ್ದು, ಹತ್ತಕ್ಕೆ ಹತ್ತೂ ಸರಿ ಹೋಗುತ್ತೆ. ಅದನ್ನ ಇಲ್ಲಿ ಬರೆಯಲ್ಲ. ಸುಳಿವು ಬೇಕಿದ್ರೆ ಇಷ್ಟು ಹೇಳ್ತೀನಿ, ಮೋಟರಿಗೆ ಹೋಗೋ ಎರಡು ವೈರಲ್ಲಿ ಯಾವುದರಲ್ಲಿ ಕರೆಂಟ್ ಹರೀತಿದೆ ಅಂತ ಮುಟ್ಟದೇ ನೋಡೋಕೆ ದಾರಿ ಇದೆ.

ಸುರಕ್ಷತೆ ಬಗ್ಗೆ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಗೇಟಿನ ದಾರಿಗೆ ಯಾರಾದ್ರೂ ಅಡ್ಡ ಬಂದ್ರೆ ಕಣ್ಣಿಗೆ ಕಾಣದ ಕಿರಣದಿಂದ ಹಿಡಿಯೋ ಫೋಟೋಸೆಲ್ಲೇ ನಮ್ಮ ಗೇಟಿಗೆ ಇರಲಿಲ್ಲ, ಅದರ ಟರ್ಮಿನಲ್‌ಗೆ ಒಂದು ವೈರ್ ತುಂಡು ಶಾರ್ಟ್ ಮಾಡಿ ಫಿಟ್ಟಿಂಗ್ ಮುಗಿಸಿ ಹೋಗಿದ್ರು. ನಮ್ಮ ಬೀದಿಯಲ್ಲಿ ನೋಡಿದ ಮೂರು ಗೇಟಲ್ಲೂ ಹಂಗೇ ಇದೆ. ರಿಮೋಟ್ ಹಿಡಿದು ಎದುರಿಗೆ ನಿಂತು ಮುಚ್ಚೋವಾಗ ಪರವಾಗಿಲ್ಲ, ಕಣ್ಣಿಗೆ ಕಾಣುತ್ತೆ. ಆದರೆ ಆಫೀಸಿಂದ ಫೋನಲ್ಲಿ ಮುಚ್ಚೋವಾಗ ಅಲ್ಲಿ ಮಗು ನಿಂತಿದ್ರೆ? ಇನ್ನೂರು ಕೆಜಿ ಕಬ್ಬಿಣ ಅದು. ಅಮೆರಿಕದಲ್ಲಿ 1993ರ ಜನವರಿಯಿಂದ ತಯಾರಾದ ಎಲ್ಲ ಮನೆ ಗ್ಯಾರೇಜ್ ಓಪನರ್‌ಗೂ ಫೋಟೋ ಐ ಥರದ ಅಡ್ಡಿ ಹಿಡಿಯೋ ವ್ಯವಸ್ಥೆ ಇರಲೇಬೇಕು, ಕಣ್ಣಿಗೆ ಕಾಣದ ಕಡೆಯಿಂದ ಮುಚ್ಚಿದ್ರೆ ಮೊದಲು ಐದು ಸೆಕೆಂಡಾದ್ರೂ ಬೀಪ್ ಆಗಿ ಲೈಟ್ ಮಿನುಗಬೇಕು, ಯುಎಲ್ 325 ಅನ್ನೋ ಅಲ್ಲಿನ ಸ್ಟ್ಯಾಂಡರ್ಡ್‌ನಲ್ಲಿದೆ. ತಮ್ಮನ ಮನೆಯಲ್ಲಿ ವಿಡಿಯೋ ಕಾಲಲ್ಲಿ ಅದು ಬೀಪ್ ಬೀಪ್ ಅನ್ನೋದು ಕೇಳಿ, ನಾನೂ ಅದನ್ನೇ ತಂದೆ. ಫೋಟೋಸೆಲ್ ಜೋಡಿ ಸಾವಿರದ ನಾನೂರು, 12 ವೋಲ್ಟ್ ಬಜರ್, ಒಂದು ಹಳದಿ ಮಿನುಗೋ ಲೈಟು. ಫೋನಿಂದ ಮುಚ್ಚು ಅಂದ್ರೆ ಮೊದಲು ಏಳು ಸೆಕೆಂಡ್ ಕೂಗುತ್ತೆ, ಆಮೇಲೇ ರಿಲೇ.

ಫೋಟೋಸೆಲ್ ಹಾಕಿದ ಮೇಲೆ ಸಂಜೆ ಐದರಿಂದ ಆರರವರೆಗೆ ಗೇಟು ಮುಚ್ಚೋಕೆ ಹೋಗಿ ಹೋಗಿ ವಾಪಸ್ ತೆರ್ಕೊಳ್ತಿತ್ತು. ರಿಸೀವರ್ ಪೂರ್ವದ ಪಿಲ್ಲರ್ ಮೇಲಿತ್ತು, ಮುಖ ಪಶ್ಚಿಮಕ್ಕೆ, ಇಳಿಬಿಸಿಲು ನೇರ ಕಣ್ಣಿಗೆ. ಟ್ರಾನ್ಸ್‌ಮಿಟರೂ ರಿಸೀವರೂ ಅದಲು ಬದಲು ಮಾಡಿದೆ, ಪೂರ್ವಕ್ಕೆ ಪಕ್ಕದವರ ಮೂರಂತಸ್ತಿನ ಮನೆ ಇರೋದ್ರಿಂದ ಬೆಳಗಿನ ಬಿಸಿಲಿನ ತೊಂದರೆ ಇಲ್ಲ. ಒಂದು ಪೈಸೆ ಖರ್ಚಿಲ್ಲದೆ ಹೋಯ್ತು.

ತಮ್ಮನ ಗ್ಯಾರೇಜಿನ ವಿಷಯ ಶುರು ಮಾಡಿದ್ದೆ, ಮುಗಿಸಿಬಿಡ್ತೀನಿ, ಹೊರದೇಶದಲ್ಲಿರೋರಿಗೆ ಉಪಯೋಗ. ನನ್ನ ಮಾತು ಕೇಳಿ ಅವನೂ ಗೋಡೆ ಬಟನ್ ಟರ್ಮಿನಲ್‌ಗೆ ರಿಲೇ ಕಟ್ಟಿದ, ಏನೂ ಆಗಲಿಲ್ಲ. "ಅಣ್ಣಾ, ನಿಂದು ನಡೆಯುತ್ತೆ, ನಂದ್ಯಾಕೆ ನಡೆಯಲ್ಲ" ಅಂತ ರಾತ್ರಿ ಹನ್ನೊಂದಕ್ಕೆ ಫೋನು. ಓಪನರ್ ಮೇಲೆ ಹೊಸ ರಿಮೋಟ್ ಸೇರಿಸೋಕೆ ಒತ್ತೋ ಲರ್ನ್ ಬಟನ್ ಯಾವ ಬಣ್ಣ ಅಂತ ಕೇಳಿದೆ, ಹಳದಿ ಅಂದ. ಹಳದಿ ಇದ್ರೆ ಆ ಕಂಪನಿಯ ಸೆಕ್ಯುರಿಟಿ ಪ್ಲಸ್ 2.0 ಪದ್ಧತಿ, ಅದರಲ್ಲಿ ಗೋಡೆ ಬಟನ್ ಬರೀ ಸ್ವಿಚ್ ಅಲ್ಲ, ವೈರ್ ಮೇಲೆ ಡೇಟಾ ಮಾತಾಡುತ್ತೆ, ಡ್ರೈ ಕಾಂಟ್ಯಾಕ್ಟ್ ಕೆಲಸ ಮಾಡಲ್ಲ. ಅದಕ್ಕೆ ಅಂತಲೇ ಒಬ್ಬರು ರ‍್ಯಾಟ್‌ಜಿಡಿಓ ಅಂತ ಸಣ್ಣ ಬೋರ್ಡ್ ಮಾಡಿದಾರೆ, ಆ ಭಾಷೆಯಲ್ಲೇ ಮಾತಾಡುತ್ತೆ, ಒಳಗೆ ನನ್ನ ಡಿ1 ಮಿನಿ ಥರದ್ದೇ ಇಎಸ್ಪಿ ಚಿಪ್ಪು. ನಲವತ್ತೈದು ಡಾಲರ್ ಚಿಲ್ಲರೆಗೆ ತರಿಸಿದ, ಮೂರೇ ವೈರು, ಬಾಗಿಲು ಎಷ್ಟು ತೆರೆದಿದೆ, ಲೈಟ್ ಉರೀತಿದೆಯಾ ಎಲ್ಲಾ ಬರುತ್ತೆ, ಕ್ಲೌಡ್ ಇಲ್ಲ. ನನಗೆ ಎಂಟು ತಿಂಗಳು ಹಿಡಿದಿದ್ದು ಅವನಿಗೆ ಒಂದು ಶನಿವಾರ.

ವೈಫೈ ಬಗ್ಗೆ ಜಾಸ್ತಿ ಹೇಳಲ್ಲ. ಗೇಟ್ ಹತ್ರ ಸಿಗ್ನಲ್ ಮೈನಸ್ 84 ಇತ್ತು, ಅಂದ್ರೆ ತೀರಾ ದುರ್ಬಲ, ಗೇಟ್ ತೆರೆದಾಗ ಬಾಕ್ಸ್ ಮುಂದೆ ಕಬ್ಬಿಣದ ಗೋಡೆ ಬಂದು ನಿಂತಂಗಾಗಿ ಪೂರ್ತಿ ಹೋಗ್ತಿತ್ತು. ಡಿ1 ಮಿನಿ ತೆಗೆದು ಹೊರಗೆ ಆಂಟೆನಾ ಹಾಕೋ ಥರದ ಇಎಸ್ಪಿ 32 ತಂದೆ, ಹಳೇ ರೌಟರನ್ನ ಸ್ಟಿಲ್ಟ್ ಮೇಲ್ಛಾವಣಿಗೆ ಆಕ್ಸೆಸ್ ಪಾಯಿಂಟ್ ಮಾಡಿ ಕಟ್ಟಿದೆ, ಈಗ ಮೈನಸ್ 65 ಹತ್ರ ನಿಂತಿದೆ. 32ರಲ್ಲೂ ಬೂಟ್ ಆಗೋವಾಗ ಆಡೋ ಪಿನ್‌ಗಳಿವೆ, ಮೊದಲೇ ನೋಡಿ ಬೇರೆ ಆರಿಸ್ಕೊಳಿ. ಹೊರಗಿಂದ ನೋಡೋಕೆ ಟೈಲ್‌ಸ್ಕೇಲ್, ನಮ್ಮ ಫೋನು ಮನೆ ಮಧ್ಯೆ ಖಾಸಗಿ ದಾರಿ ಮಾಡೋದು, ನಮ್ಮ ಇಂಟರ್ನೆಟ್‌ನೋರು ಸ್ವಂತ ಪಬ್ಲಿಕ್ ಐಪಿ ಕೊಡಲ್ಲ, ಕೊಟ್ಟಿದ್ರೂ ಗೇಟ್ ಇರೋ ಸಿಸ್ಟಮ್‌ಗೆ ಪೋರ್ಟ್ ಫಾರ್ವರ್ಡ್ ಮಾಡಿ ಇಂಟರ್ನೆಟ್‌ಗೆ ನೇರ ಬಾಗಿಲು ತೆಗೀತಿರಲಿಲ್ಲ.

ಮಧ್ಯೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಕಾರಲ್ಲಿ ಬ್ಲೂಟೂತ್ ಬೀಕನ್ ಇಟ್ಟು, ಹತ್ರ ಬಂದ್ರೆ ಗೇಟ್ ತಾನಾಗಿ ತೆರೀಲಿ ಅಂತ ಮಾಡಿದೆ. ಬರೋವಾಗ ಅದ್ಭುತವಾಗಿತ್ತು, ಮಗಳು ಚಪ್ಪಾಳೆ ತಟ್ಟಿದ್ಳು. ಆದ್ರೆ ಕಾರು ನಿಂತಿರೋದು ಗೇಟ್ ಪಕ್ಕದಲ್ಲೇ, ಸಿಗ್ನಲ್ ಸ್ವಲ್ಪ ಬಿದ್ದು ಎದ್ರೆ ಕಾರು ಹೋಗಿ ಬಂತು ಅಂದ್ಕೊಳುತ್ತೆ, ಒಂದು ಮಧ್ಯಾಹ್ನ ಐದು ಸಲ ತೆರೀತು. ಫೋನಿನ ಜಿಪಿಎಸ್ ನೋಡಿ ತೆರೆಯೋದೂ ಮಾಡಿದೆ, ರಿಂಗ್ ರೋಡಲ್ಲಿ ಸುಮ್ನೆ ಹಾದುಹೋದ್ರೂ ತೆರೀತು. ಎರಡನ್ನೂ ಕಿತ್ತುಹಾಕಿ ಒಂದು ನಿಯಮ ಮಾಡ್ಕೊಂಡೆ, ತೆರೆಯೋದು ಮನುಷ್ಯರು ಒತ್ತಿದ್ರೆ ಮಾತ್ರ, ತಾನಾಗಿ ಮಾಡೋದೇನಿದ್ರೂ ಮುಚ್ಚೋದು. ಈಗ ಕಾರಿನ ಸ್ಕ್ರೀನಲ್ಲಿ ಆಂಡ್ರಾಯ್ಡ್ ಆಟೋ ಒಳಗೆ ಹೋಮ್ ಅಸಿಸ್ಟೆಂಟ್ ಬರುತ್ತೆ, ತಿರುವಿನಲ್ಲಿ ಒಂದು ಸಲ ಮುಟ್ತೀನಿ. ಮಾತಲ್ಲಿ ತೆರೆಯೋದು ಬೇಕು ಅಂದ್ರೆ ಪಿನ್ ನಂಬರ್ ಕೇಳೋ ಹಂಗೆ ಇಡಿ, ಇಲ್ದಿದ್ರೆ ಕಿಟಕಿ ಹೊರಗಿಂದ ಯಾರು ಕೂಗಿದ್ರೂ ತೆರೆಯುತ್ತೆ.

ಕಾರು ಎಷ್ಟು ಒಳಗೆ ಬಂತು ಅಂತ ತೋರಿಸೋಕೆ ನೀರು ತಡೆಯೋ ಅಲ್ಟ್ರಾಸಾನಿಕ್ ಸೆನ್ಸರ್ ಕೂಡ ಹಾಕಿದ್ದೆ. ಇಪ್ಪತ್ತು ಸೆಂಟಿಮೀಟರ್ ಒಳಗೆ ಅದಕ್ಕೆ ಕಣ್ಣು ಕಾಣಲ್ಲ, ನಮ್ಮ ಕಾರು ನಿಲ್ಲಬೇಕಾದ್ದೇ ಹದಿನೈದರಲ್ಲಿ. ಗೋಡೆಗೆ ಹಳೇ ಟೈರ್ ತುಂಡು ಹೊಡೆದೆ, ಸಾಕು.

ಇರುವೆ. ಇದನ್ನ ಯಾರೂ ಹೇಳಿರಲಿಲ್ಲ. ಮಳೆ ಶುರುವಾದ ವಾರ ಗೇಟ್ ನಿಂತೇ ಹೋಯ್ತು, ಬಾಕ್ಸ್ ತೆರೆದ್ರೆ ಒಳಗೆ ಮೊಟ್ಟೆ ಸಮೇತ ಗೂಡು, ಬೆಚ್ಚಗಿರುತ್ತಲ್ಲ ಅಲ್ಲಿ. ಓಪನ್ ರಿಲೇ ಕಾಂಟ್ಯಾಕ್ಟ್ ಮಧ್ಯೆ ಸತ್ತ ಇರುವೆಗಳು. ಸೀಲ್ಡ್ ರಿಲೇ ಹಾಕಿ, ವೈರ್ ಬರೋ ತೂತಿಗೆಲ್ಲ ಕೇಬಲ್ ಗ್ಲ್ಯಾಂಡ್ ಹಾಕಿ, ಪಿಲ್ಲರ್ ಸುತ್ತ ಲಕ್ಷ್ಮಣ ರೇಖೆ ಚಾಕ್‌ಪೀಸಲ್ಲಿ ಗೀಟು ಎಳೆದೆ, ತಿಂಗಳಿಗೊಂದು ಸಲ ಎಳೀತೀನಿ. ಮೋಟರ್ ಕವರ್ ಒಳಗೆ ನುಸಿಗುಳಿಗೆ ಪೊಟ್ಟಣ ಕಟ್ಟಿದೀನಿ, ಹಲ್ಲಿನೂ ಬಂದಿಲ್ಲ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಈಗ ಗೇಟಲ್ಲಿ ನಿಜವಾಗಿ ಇರೋದು ಇಎಸ್ಪಿ 32, ಆಂಟೆನಾ, ರಿಲೇ, ಹೈಲಿಂಕು, ಬಾಕ್ಸು, ಎರಡು ಷಟರ್ ಸೆನ್ಸರ್, ಫೋಟೋಸೆಲ್, ಬಜರ್, ಲೈಟು, ವೈರು, ಎಲ್ಲಾ ಸೇರಿ ನಾಲ್ಕು ಸಾವಿರದ ಹತ್ರ. ಮೇಸ್ತ್ರಿದು ಬೇರೆ. ಅದಕ್ಕಿಂತ ಮೊದಲು ಬ್ಲಾಸ್ಟರ್, ಒಂದು ಹಾಳಾದ ರಿಮೋಟ್, ಸುಟ್ಟ ಮಾಡ್ಯೂಲುಗಳು, ಬೀಕನ್ನು, ಅಲ್ಟ್ರಾಸಾನಿಕ್ಕು ಅಂತ ಏಳೆಂಟು ಸಾವಿರ ಹೋಗಿದೆ, ಬ್ಲಾಸ್ಟರ್ ಎಸಿಗೆ ಬಳಸ್ತಿರೋದ್ರಿಂದ ಅದನ್ನ ಬಿಡಬಹುದು. ಕಂಪನಿ ಮಾಡ್ಯೂಲಿಗಿಂತ ಕಮ್ಮಿ ಆಯ್ತಾ ಅಂದ್ರೆ ಪೂರ್ತಿ ಲೆಕ್ಕದಲ್ಲಿ ಇಲ್ಲ. ಆದರೆ ಇಂಟರ್ನೆಟ್ ಇಲ್ದೇ ನಡೆಯುತ್ತೆ, ಏನು ಕೆಟ್ಟರೂ ಎಸ್‌ಪಿ ರೋಡಲ್ಲಿ ಸಿಗುತ್ತೆ, ನನಗೆ ರಿಪೇರಿ ಗೊತ್ತು. ಕಳೆದ ತಿಂಗಳು ಸರ್ವಿಸ್‌ಗೆ ಬಂದ ಅದೇ ಟೆಕ್ನಿಷಿಯನ್ ಬಾಕ್ಸ್ ಬಿಚ್ಚಿಸಿ ನೋಡಿ, ಫೋಟೋ ತಗೊಂಡು, "ಸಾರ್, ಇನ್ನೆರಡು ಕಸ್ಟಮರ್ ಕೇಳ್ತಿದಾರೆ, ಮಾಡ್ಕೊಡ್ತೀರಾ" ಅಂದ್ರು.

ಕೊನೆಗೆ ಮನೆಯವರು ಹೆಚ್ಚು ಬಳಸೋದು ಏನು ಗೊತ್ತಾ, ಫೋನ್ ಅಲ್ಲ. ಅಡುಗೆಮನೆ ಬಾಗಿಲ ಪಕ್ಕ, ಅಮ್ಮನ ಕಣ್ಣಿಗೆ ಬೀಳೋ ಎತ್ತರದಲ್ಲಿ ಒಂದು ಸಣ್ಣ ಲೈಟ್ ಹಾಕಿದೀನಿ, ಗೇಟ್ ಮುಚ್ಚಿದ್ರೆ ಹಸಿರು, ಇಲ್ಲದಿದ್ರೆ ಕೆಂಪು, ಸೆನ್ಸರ್ ಜೊತೆ ಸಂಪರ್ಕ ತಪ್ಪಿದ್ರೆ ನೀಲಿ. ಮೊದಲೆಲ್ಲ ಅಮ್ಮ ರಾತ್ರಿ ಹತ್ತಕ್ಕೆ ಮೊಣಕಾಲು ನೋವಿಟ್ಕೊಂಡು ಮೆಟ್ಟಿಲಿಳಿದು ಹೋಗಿ ಗೇಟ್ ಜಗ್ಗಿ ನೋಡಿ ಬರೋರು, ಯಾರು ಹೇಳಿದ್ರೂ ಕೇಳ್ತಿರಲಿಲ್ಲ. ಲೈಟ್ ಹಾಕಿದ ಮೇಲೂ ಒಂದೂವರೆ ತಿಂಗಳು ಹೋಗಿ ನೋಡಿ ಬರ್ತಿದ್ರು. ದೀಪಾವಳಿ ಆದ ಮೇಲೆ ಒಂದು ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಲೈಟ್ ಕಡೆ ಒಂದು ಸಲ ನೋಡಿ, ಅಡುಗೆಮನೆ ಲೈಟ್ ಆರಿಸಿ ನೇರ ಮಲಗೋಕೆ ಹೋದ್ರು. ನಾನು ನಡುಮನೆಯಲ್ಲಿ ಕೂತು ನೋಡ್ತಿದ್ದೆ, ಏನೂ ಮಾತಾಡಲಿಲ್ಲ.

ಮುಂದಿನ ಶನಿವಾರ ಎದುರುಮನೆ ಆಂಟಿ ಗೇಟು. ಅವರದ್ದು ಸ್ವಿಂಗ್ ಗೇಟು, ಎರಡು ಆರ್ಮ್, ಬೋರ್ಡಲ್ಲಿ ಓಪನ್ ಕ್ಲೋಸ್ ಬೇರೆಬೇರೆ ಇದೆ, ಸೆನ್ಸರ್ ಎಲ್ಲಿ ಕೂರಿಸಬೇಕು ಅನ್ನೋದೊಂದೇ ಇನ್ನೂ ಬಗೆಹರಿದಿಲ್ಲ.